ಗಾಯ ಮಾಯುತ್ತದೆ, ಹಚ್ಚೆ ಉಳಿಯುತ್ತದೆ

ಹಚ್ಚೆ ಮೊದಲು ಗಾಯ, ಆಮೇಲೆ ಚಿತ್ರ. ಸೂಜಿಯ ಮೊನೆ ಚರ್ಮದ ಮೇಲುಪದರವನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದ ಒಳಚರ್ಮದಲ್ಲಿ ಬಣ್ಣದ ಕಣಗಳನ್ನು ಇಳಿಸಿ ಬರುತ್ತದೆ. ಚುಚ್ಚಿದ ಜಾಗ ಕೆಂಪೇರಿ ಬಾಯುತ್ತದೆ, ರಸಿಕೆ ಒಸರುತ್ತದೆ, ಹಕ್ಕಳೆ ಕಟ್ಟುತ್ತದೆ. ಆ ಹಕ್ಕಳೆ ಉದುರಿ ಹೊಸ ತೊಗಲು ಬಂದ ಮೇಲಷ್ಟೇ ಗೆರೆ ನಿಚ್ಚಳವಾಗುತ್ತದೆ. ಈ ಎರಡು ಮೂರು ವಾರಗಳಲ್ಲಿ ಗಾಯ ನಂಜಾದರೆ ಚಿತ್ರ ಕೆಡುತ್ತದೆ, ಮೈಯೂ ಕೆಡುತ್ತದೆ. ಹೀಗಾಗಿ ಹಚ್ಚೆಯ ಕಸುಬು ಬೆಳೆದ ಕಡೆಯಲ್ಲೆಲ್ಲ ಹಸಿ ಹಚ್ಚೆಯನ್ನು ಕಾಯುವ ಕ್ರಮವೂ ಜೊತೆಗೇ ಬೆಳೆದಿದೆ. ಕನ್ನಡ ನಾಡಿನಿಂದ ತಿರುವಾಂಕೂರಿನವರೆಗೆ ಈ ಕ್ರಮದ ಚರಿತ್ರೆ ಬಹುಮಟ್ಟಿಗೆ ಅಲೆಮಾರಿ ಹೆಂಗಸರ ಚರಿತ್ರೆ.

ಹೆಸರಿನೊಳಗಿನ ಹಸಿರು

‘ಹಚ್ಚೆ’ ಎಂಬ ಮಾತಿನ ಮೂಲ ‘ಪಚ್ಚೆ’, ಅಂದರೆ ಹಸಿರು. ಹಳಗನ್ನಡದ ಪಕಾರ ಹಕಾರವಾಗಿ ಪಾಲು ಹಾಲಾದಂತೆ, ಪೂ ಹೂವಾದಂತೆ, ಪಚ್ಚೆ ಹಚ್ಚೆಯಾಯಿತು. ‘ಹಚ್ಚಹಸುರು’ ಎನ್ನುವಾಗಿನ ‘ಹಚ್ಚ’ವೂ ಇದೇ ಬಳಗದ್ದು. ತಮಿಳಿನಲ್ಲಿ ಇದು ಪಚ್ಚೈ ಕುತ್ತುವುದು, ಮಲಯಾಳದಲ್ಲಿ ಪಚ್ಚಕುತ್ತು, ತೆಲುಗಿನಲ್ಲಿ ಪಚ್ಚಬೊಟ್ಟು. ನಾಲ್ಕೂ ಭಾಷೆಗಳಲ್ಲಿ ಹೆಸರು ಹಸಿರಿನದು, ಆದರೆ ಚುಚ್ಚುವ ಬಣ್ಣ ಕಪ್ಪು ಮಸಿಯದು.

ಈ ವ್ಯತ್ಯಾಸಕ್ಕೆ ಕಾರಣ ಚರ್ಮದಲ್ಲೇ ಇದೆ. ಹಸಿ ಹಚ್ಚೆಯ ಬಣ್ಣ ಕಡುಗಪ್ಪು. ಗಾಯ ವಾಸಿಯಾಗಿ ಮಸಿಯ ಮೇಲೆ ಹೊಸ ತೊಗಲು ಹರಡಿದಾಗ, ಒಳಹೊಕ್ಕ ಬೆಳಕಿನ ನೀಲಿ ಭಾಗವನ್ನು ಚರ್ಮ ಹೆಚ್ಚಾಗಿ ಚದುರಿಸಿ ಹೊರಗೆ ಕಳಿಸುತ್ತದೆ. ಆಳದಲ್ಲಿರುವ ಕರಿ ಆಗ ನೀಲಿ ಬೆರೆತ ಹಸಿರಾಗಿ ಕಾಣುತ್ತದೆ. ಹೆಸರಿಟ್ಟವರ ಕಣ್ಣಿನಲ್ಲಿ ಇದ್ದದ್ದು ಹಸಿಗಾಯವಲ್ಲ, ಮಾಯ್ದ ಗುರುತು.

ಮೈಗೆ ಮಸಿ ಚುಚ್ಚಿಕೊಳ್ಳುವ ರೂಢಿ ಮಾನವಕುಲದಷ್ಟೇ ಹರಡಿಕೊಂಡಿದೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ‘ಓಟ್ಜಿ’ಯ ದೇಹದ ಮೇಲೆ ಇಂಥ 61 ಗುರುತುಗಳಿವೆ. ಇಂದಿನ ಪೇಟೆಯ ಮಾತಾದ ‘ಟ್ಯಾಟೂ’ ಬಂದಿರುವುದು ಪೆಸಿಫಿಕ್ ಸಾಗರದ ದ್ವೀಪಗಳಿಂದ. 1769ರಲ್ಲಿ ಜೇಮ್ಸ್ ಕುಕ್‌ನ ಹಡಗು ತಾಹಿತಿ ಮುಟ್ಟಿದಾಗ ಅಲ್ಲಿನ ‘ತತಾವ್’ ಎಂಬ ಪದ ಇಂಗ್ಲಿಷಿಗೆ ಸೇರಿ, ಅಲ್ಲಿಂದ ಲೋಕವೆಲ್ಲ ಹಬ್ಬಿತು.

ಕೊರವಂಜಿಯ ಸೂಜಿ

ಕನ್ನಡ ನಾಡಿನಲ್ಲಿ ಹಚ್ಚೆ ಹೊಯ್ಯುವುದು ಹೆಂಗಸರ ಕಸುಬಾಗಿತ್ತು. ಹಳೆಯ ಮೈಸೂರು ಸೀಮೆಯಲ್ಲಿ ಕೊರಮ, ಕೊರಚ ಹೆಂಗಸರು, ಅಂದರೆ ಜನರ ಬಾಯಲ್ಲಿನ ಕೊರವಂಜಿಯರು, ಬುಟ್ಟಿ ಮಾರುತ್ತ, ಕಣಿ ಹೇಳುತ್ತ, ಹಚ್ಚೆ ಹೊಯ್ಯುತ್ತ ಊರೂರು ತಿರುಗುತ್ತಿದ್ದರು. ಉತ್ತರದ ಜಿಲ್ಲೆಗಳಲ್ಲಿ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರೂ ಈ ಕೆಲಸದಲ್ಲಿ ಪಳಗಿದವರೆಂದು ಹೆಸರಾಗಿದ್ದರು. ಹುಡುಗಿಯರಿಗೆ ಮದುವೆಗೆ ಮುಂಚೆ, ತವರಿನಲ್ಲೇ ಹಚ್ಚೆ ಹಾಕಿಸುವುದು ಹಲವು ಸಮುದಾಯಗಳ ವಾಡಿಕೆಯಾಗಿತ್ತು. ಗದ್ದದ ಮೇಲೊಂದು ಚುಕ್ಕೆ, ಮುಂಗೈಗೆ ರಂಗೋಲಿ, ಚೇಳು, ನವಿಲು, ತುಳಸಿ ಗಿಡ ಎಲ್ಲರೂ ಬಲ್ಲ ಮಾದರಿಗಳು. ಒಡವೆಯೆಲ್ಲ ಕಳಚಿಟ್ಟು ಹೋಗಬೇಕಾದ ದಿನ ಕೂಡ ಜೊತೆಗೆ ಬರುವುದು ಹಚ್ಚೆಯೊಂದೇ ಎಂಬುದು ಹಳ್ಳಿಗಾಡಿನ ನಂಬಿಕೆ.

ಈ ಕಸುಬಿನ ವಿವರವನ್ನು ಮೊದಲು ಬರಹಕ್ಕಿಳಿಸಿದವರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಮುಖ್ಯರು. 1906ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಾಂಗ ಟಿಪ್ಪಣಿಗಳಲ್ಲೂ, ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲೂ ಅವರು ಕೊರವ ಹೆಂಗಸರು ಹಚ್ಚೆ ಹಾಕುವ ಬಗೆಯನ್ನು ದಾಖಲಿಸಿದರು. ಬಣ್ಣ ತಯಾರಾಗುತ್ತಿದ್ದುದು ಹೀಗೆ: ಅರಿಸಿನದ ಪುಡಿ ಮತ್ತು ಅಗಸೆ ಮರದ ಸೊಪ್ಪನ್ನು ಕೂಡಿಸಿ ಅರೆದು, ತೆಳು ಬಟ್ಟೆಯಲ್ಲಿ ಸುತ್ತಿ ಬತ್ತಿ ಮಾಡಿ, ಹರಳೆಣ್ಣೆಯ ಹಣತೆಯಲ್ಲಿ ಉರಿಸುವುದು. ಉರಿಯ ಮೇಲೆ ಮಣ್ಣಿನ ಗಡಿಗೆ ಬೋರಲು ಹಾಕಿ, ಅದರ ಒಳಮೈಗೆ ಹತ್ತಿದ ಕಾಡಿಗೆಯನ್ನು ಕೆರೆದು ತೆಗೆಯುವುದು. ಅದನ್ನು ನೀರಿನಲ್ಲೋ ಎದೆಹಾಲಿನಲ್ಲೋ ಕಲಸುವುದು. ಬಳಿಕ ಕಡ್ಡಿಯಿಂದ ಚಿತ್ರ ಬರೆದು, ಒಟ್ಟಿಗೆ ಕಟ್ಟಿದ ಹೊಲಿಗೆ ಸೂಜಿಗಳಿಂದ ಅದರ ಮೇಲೆ ಚುಚ್ಚುತ್ತ ಹೋಗುವುದು. ಕೂತವಳು ನೋವು ಮರೆಯಲೆಂದು ಹಚ್ಚೆಯವಳು ಹಾಡು ಹೇಳುತ್ತಿದ್ದಳು.

ಆರೈಕೆಯ ಮೊದಲ ಹೆಜ್ಜೆಗಳೂ ಆ ದಾಖಲೆಯಲ್ಲಿವೆ. ಚುಚ್ಚಿ ಮುಗಿದೊಡನೆ ಜಾಗವನ್ನು ತಣ್ಣೀರಿನಲ್ಲಿ ತೊಳೆದು, ಮತ್ತೊಮ್ಮೆ ಬಣ್ಣ ಬಳಿದು ಒತ್ತುತ್ತಿದ್ದರು. ನೋವು ತಗ್ಗಲು ಎಣ್ಣೆ ಸವರುತ್ತಿದ್ದರು. ಬಾವು ಬಾರದಿರಲಿ, ಬಣ್ಣ ಎದ್ದು ಕಾಣಲಿ ಎಂದು ಕೊನೆಗೆ ಅರಿಸಿನದ ಪುಡಿ ತಿಕ್ಕುತ್ತಿದ್ದರು. ಇಷ್ಟು ಮಾಡಿ, ಕೂಲಿ ಪಡೆದು ಅವರು ಮುಂದಿನ ಊರಿಗೆ ಹೊರಡುತ್ತಿದ್ದರು. ಮದರಾಸು ಪಟ್ಟಣದಲ್ಲಿ ಕೂಲಿ ಒಂದು ಚುಕ್ಕೆಗೆ ಕಾಲಾಣೆಯಿಂದ ಹಿಡಿದು ತೊಡಕಿನ ಚಿತ್ತಾರಕ್ಕೆ ಹನ್ನೆರಡಾಣೆಯವರೆಗಿತ್ತು. ಹಳ್ಳಿಗಳಲ್ಲಿ ಅದು ಭತ್ತ, ಬಾಳೆಹಣ್ಣು, ಎಲೆ ಅಡಿಕೆಯ ರೂಪದಲ್ಲಿ ಸಲ್ಲುತ್ತಿತ್ತು.

ನೀಲಗಿರಿಯಲ್ಲಿ ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬಡಗರ ಹೆಂಗಸರಿಗೆ ಹಣೆಯ ಹಚ್ಚೆ ಕುಲದ ಗುರುತಿನಂತಿತ್ತು. ಅಲ್ಲಿ ಸೂಜಿಯ ಬದಲು ಗುಡ್ಡದ ಮರದರಿಸಿನ ಗಿಡದ ಮುಳ್ಳೂ ಬಳಕೆಯಲ್ಲಿತ್ತು.

ತಿರುವಾಂಕೂರಿನ ಕಾಕ್ಕಾಲರು

ತಿರುವನಂತಪುರದ ಉತ್ತರಕ್ಕೆ, ಕಡಲಿಗೆ ಹತ್ತಿರವಿರುವ ಕಳಕ್ಕೂಟಂ ಇಂದು ಹೆಸರಾಗಿರುವುದು 1990ರಲ್ಲಿ ಅಲ್ಲಿ ಆರಂಭವಾದ ಟೆಕ್ನೋಪಾರ್ಕಿನಿಂದ. ಆ ಊರು ತಿರುವಾಂಕೂರು ಸಂಸ್ಥಾನದಲ್ಲಿದ್ದ ಕಾಲದಲ್ಲಿ ಈ ಸೀಮೆಯ ಪಚ್ಚಕುತ್ತು ಒಂದು ಅಲೆಮಾರಿ ಸಮುದಾಯದ ಕೈಯಲ್ಲಿತ್ತು. ಉತ್ತರ ಮತ್ತು ಮಧ್ಯ ತಿರುವಾಂಕೂರಿನಲ್ಲಿ ಅವರನ್ನು ಕಾಕ್ಕಾಲರೆಂದೂ, ದಕ್ಷಿಣದಲ್ಲಿ ಕಾಕ್ಕ ಕುರವರೆಂದೂ ಕರೆಯುತ್ತಿದ್ದರು. ಕೊರಮ, ಕೊರಚ, ಕೊರವ, ಕುರವ ಎಂಬ ಹೆಸರುಗಳ ಸರಣಿ ಕನ್ನಡ ನಾಡಿನಿಂದ ಕೇರಳದ ತೆಂಕಣ ತುದಿಯವರೆಗೆ ಹಬ್ಬಿದೆ. ಕಣಿ ಮತ್ತು ಹಚ್ಚೆ ಎರಡೂ ಆ ಹೆಸರುಗಳ ಬೆನ್ನಿಗೇ ಸಾಗಿವೆ.

ಕಾಕ್ಕಾಲರ ಕಸುಬುಗಳ ಪಟ್ಟಿ ಕುತೂಹಲಕರವಾದದ್ದು. ಅನ್ಯ ಜಾತಿಯವರಿಗೆ ಹಚ್ಚೆ ಹಾಕುವುದು ಅವುಗಳಲ್ಲೊಂದು. ಕಿವಿಯ ಹಾಲೆ ಚುಚ್ಚುವ ಕಾತುಕುತ್ತು ಇನ್ನೊಂದು. ಭಾರದ ಓಲೆ ಹಾಕಿ ಹಾಲೆ ಹರಿದುಕೊಂಡ ನಾಯರ್ ಮತ್ತಿತರ ಹೆಂಗಸರ ಕಿವಿಯನ್ನು ಮತ್ತೆ ಕೂಡಿಸುವ ಕಾತುವೈಪ್ಪು ಮೂರನೆಯದು. ಕೈರೇಖೆ ನೋಡುವ ಕೈನೋಕ್ಕು, ಮೈಮೇಲಿನ ಬಾವಿಗೆ ಗಿಡದ ಕಡ್ಡಿಯಿಟ್ಟು ಊದಿ ಇಳಿಸುವ ಕೊಂಬುವೈಪ್ಪು, ಬಟ್ಟೆ ಹೊಲಿಯುವ ತಯ್ಯಲ್ ಇವೂ ಇದ್ದವು.

ಈ ಪಟ್ಟಿಯಲ್ಲಿ ಒಂದು ಒಳಸಂಬಂಧ ಇದೆ. ಹಚ್ಚೆ, ಕಿವಿ ಚುಚ್ಚುವುದು, ಹರಿದ ಹಾಲೆ ಜೋಡಿಸುವುದು, ಬಾವು ಇಳಿಸುವುದು ಎಲ್ಲವೂ ಚರ್ಮದ ಸಣ್ಣ ಗಾಯಗಳಿಗೆ ಸೇರಿದ ಕೆಲಸ. ಹಚ್ಚೆಯವರು ಚಿತ್ರ ಬರೆಯುವವರಷ್ಟೇ ಆಗಿರಲಿಲ್ಲ, ಗಾಯ ಮಾಡುವುದನ್ನೂ ಅದು ಕೂಡಿಕೊಳ್ಳುವಂತೆ ನೋಡುವುದನ್ನೂ ಒಟ್ಟಿಗೆ ಕಲಿತವರಾಗಿದ್ದರು. ಸುಶ್ರುತ ಸಂಹಿತೆಯಲ್ಲಿಯೂ ಕಿವಿ ಚುಚ್ಚುವ ವಿಧಿ, ಚುಚ್ಚಿದ ಮೇಲೆ ಎಣ್ಣೆ ಹಾಕುತ್ತ ಮೂರು ದಿನಕ್ಕೊಮ್ಮೆ ಬತ್ತಿ ದಪ್ಪ ಮಾಡುತ್ತ ಹೋಗುವ ಆರೈಕೆ, ಹರಿದ ಹಾಲೆ ಜೋಡಿಸುವ ಹದಿನೈದು ಬಗೆ ಇವೆಲ್ಲ ಒಂದೇ ಅಧ್ಯಾಯದಲ್ಲಿ ಬರುತ್ತವೆ. ಅದೇ ಗ್ರಂಥ ವ್ರಣದ ಚಿಕಿತ್ಸೆಗೆ ಅರವತ್ತು ಉಪಕ್ರಮಗಳನ್ನು ಹೇಳುತ್ತದೆ. ಗ್ರಂಥದ ವೈದ್ಯವೂ ಬೀದಿಯ ಕೈಚಳಕವೂ ಈ ಒಂದು ವಿಷಯದಲ್ಲಿ ಒಂದೇ ದಾರಿ ಹಿಡಿದಿದ್ದವು.

ಅರಿಸಿನ, ಎಣ್ಣೆ, ಪಥ್ಯ

ಹಚ್ಚೆಯವಳು ಊರು ಬಿಟ್ಟ ಮೇಲೆ ಗಾಯದ ಹೊಣೆ ಮನೆಯ ಹಿರಿಯ ಹೆಂಗಸರದು. ಅರಿಸಿನ ಎಣ್ಣೆ ಹಚ್ಚುವುದು, ನವೆಯಾದರೂ ಕೆರೆಯಗೊಡದಿರುವುದು, ಹಕ್ಕಳೆಯನ್ನು ಕೀಳದೆ ತಾನಾಗಿ ಉದುರಲು ಬಿಡುವುದು ಯಾವ ಗಾಯಕ್ಕೂ ಮನೆಗಳಲ್ಲಿದ್ದ ನಿಯಮ, ಹಚ್ಚೆಗೂ ಅದೇ. ಬದನೆಕಾಯಿಯಂಥ ‘ನಂಜಿನ’ ಪದಾರ್ಥ ತಿನ್ನಿಸದಿರುವುದು ಪಥ್ಯ. ಗಾಯ ಕೀವಾಗುವುದಕ್ಕೂ ವಿಷವೇರುವುದಕ್ಕೂ ಕನ್ನಡದಲ್ಲಿ ‘ನಂಜು’ ಒಂದೇ ಪದ. ಸೂಕ್ಷ್ಮಾಣುವಿನ ಕಲ್ಪನೆ ಬರುವ ಮುಂಚೆಯೇ ಹೊರಗಿನ ಕೇಡು ಗಾಯದೊಳಕ್ಕೆ ಇಳಿಯುತ್ತದೆಂಬ ತಿಳಿವಳಿಕೆ ಆ ಪದದಲ್ಲಿತ್ತು.

ಈ ಹಳೆಯ ಕ್ರಮದಲ್ಲಿ ಸರಿ ಯಾವುದು, ತಪ್ಪು ಯಾವುದು ಎಂಬುದನ್ನು ಈಗ ಬೇರ್ಪಡಿಸಿ ಹೇಳಬಹುದು. ಉರಿಯಲ್ಲೇ ಹುಟ್ಟಿದ ಕಾಡಿಗೆ ಬಹುಪಾಲು ಇಂಗಾಲ. ಹೊಸದಾಗಿ ಕೆರೆದ ಅದರಲ್ಲಿ ಸೂಕ್ಷ್ಮಾಣು ಉಳಿಯುವ ಸಾಧ್ಯತೆ ಕಡಿಮೆ, ಮೈಯೊಳಗೆ ಅದು ಕರಗುವುದೂ ಇಲ್ಲ. ಅಪಾಯ ಇದ್ದದ್ದು ಅದನ್ನು ಕಲಸುವ ದ್ರವದಲ್ಲಿ ಮತ್ತು ಒಬ್ಬರಿಂದೊಬ್ಬರಿಗೆ ಸಾಗುವ ಸೂಜಿಯಲ್ಲಿ. ಎದೆಹಾಲಿನಲ್ಲಿ ರೋಗ ತಡೆಯುವ ಅಂಶಗಳಿರುವುದು ನಿಜ. ಆದರೆ ಹಾಲು ಕೊಟ್ಟವಳಿಗೆ ಸೋಂಕಿದ್ದರೆ ಅದೂ ಹಾಲಿನೊಂದಿಗೆ ಬರಬಹುದು. ಕೆರೆ ಬಾವಿಗಳ ನೀರು ಇನ್ನೂ ಅನುಮಾನದ್ದು. ತೊಳೆದದ್ದು ಸರಿ, ತೊಳೆದ ನೀರು ಸರಿಯಿತ್ತೆಂದು ಹೇಳುವಂತಿಲ್ಲ. ಎಣ್ಣೆ ಹಕ್ಕಳೆಯನ್ನು ಮೆದುವಾಗಿಟ್ಟು ಬಿರಿಯದಂತೆ ನೋಡಿಕೊಳ್ಳುತ್ತಿತ್ತು. ಇಂದಿನ ಮುಲಾಮಿನ ಕೆಲಸವೂ ಅದೇ.

ಅರಿಸಿನದ ಕಥೆ ಅಂತರರಾಷ್ಟ್ರೀಯ ಮಟ್ಟಕ್ಕೂ ಹೋಯಿತು. ಅದರ ಹಳದಿ ಸಾರವಾದ ಕರ್ಕ್ಯುಮಿನ್ ಅನ್ನು ಯುರೋಪಿನ ರಸಾಯನಜ್ಞರು 1815ರಲ್ಲೇ ಬೇರ್ಪಡಿಸಿದ್ದರು. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ವಾಸಿಮಾಡಲು ಅರಿಸಿನ ಬಳಸುವುದರ ಮೇಲೆ ಪೇಟೆಂಟ್ ಸಿಕ್ಕಿತು. ರಘುನಾಥ ಮಾಶೇಲ್ಕರ್ ಅವರ ನೇತೃತ್ವದಲ್ಲಿದ್ದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಇದನ್ನು ಪ್ರಶ್ನಿಸಿತು. ಇದು ಭಾರತದಲ್ಲಿ ತಲೆಮಾರುಗಳಿಂದ ಗೊತ್ತಿರುವ ಬಳಕೆ ಎಂದು ಹಳೆಯ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಪ್ರಬಂಧವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಕರ್ಕ್ಯುಮಿನ್ ಉರಿಯೂತ ತಗ್ಗಿಸುತ್ತದೆಂದು ಪ್ರಯೋಗಾಲಯಗಳು ತೋರಿಸಿವೆ. ಹಾಗೆಂದು ಅಡುಗೆಮನೆಯ ಡಬ್ಬಿಯಲ್ಲಿರುವ ಪುಡಿ ಹಸಿಗಾಯಕ್ಕೆ ಹಾಕುವಷ್ಟು ಶುದ್ಧ ಎಂದಲ್ಲ.

ಜಾತ್ರೆಗೆ ಬಂದ ಯಂತ್ರ

ಇಪ್ಪತ್ತನೆಯ ಶತಮಾನ ಅಲೆಮಾರಿ ಹಚ್ಚೆಯವರಿಗೆ ಕಷ್ಟದ ಕಾಲವಾಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಮದರಾಸು ಪ್ರಾಂತಕ್ಕೂ ವಿಸ್ತರಿಸಿದ ಮೇಲೆ ಕೊರವ ಗುಂಪುಗಳು ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕಬೇಕಾಯಿತು. ಅನುಮತಿಯಿಲ್ಲದೆ ಊರು ಬಿಡುವುದೇ ಅಪರಾಧವಾದಾಗ ಊರೂರು ತಿರುಗುವ ಕಸುಬು ನಡೆಯುವುದು ದುಸ್ತರ. 1952ರಲ್ಲಿ ಆ ಕಾಯ್ದೆ ರದ್ದಾಗುವ ಹೊತ್ತಿಗೆ ಹಚ್ಚೆಯ ಬಗೆಗಿನ ಅಭಿರುಚಿಯೂ ಬದಲಾಗಿತ್ತು. ಶಾಲೆ ಕಲಿತ ಹುಡುಗಿಯರು ಗದ್ದದ ಚುಕ್ಕೆಯನ್ನು ಹಳ್ಳಿಯ ಗುರುತೆಂದು ಒಲ್ಲೆನೆಂದರು.

ಅಷ್ಟರಲ್ಲಿ ಜಾತ್ರೆಗಳಿಗೆ ಯಂತ್ರ ಬಂದಿತ್ತು. ಥಾಮಸ್ ಎಡಿಸನ್ 1876ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಲೇಖನಿ ಕಾಗದದಲ್ಲಿ ಸಣ್ಣ ತೂತು ಕೊರೆದು ಪ್ರತಿ ತೆಗೆಯುವ ಸಾಧನ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ ಅದನ್ನೇ ಮಾರ್ಪಡಿಸಿ 1891ರಲ್ಲಿ ಹಚ್ಚೆ ಯಂತ್ರಕ್ಕೆ ಪೇಟೆಂಟ್ ಪಡೆದ. ಅದರ ಸಂತತಿಯ ಬ್ಯಾಟರಿ ಯಂತ್ರಗಳು ಮುಂದೆ ಭಾರತದ ಜಾತ್ರೆ, ಉರುಸು, ರೈಲು ನಿಲ್ದಾಣಗಳ ಬಳಿ ಗುಂಯ್‌ಗುಡತೊಡಗಿದವು. ಚಿತ್ರಗಳ ಹಲಗೆ ಮುಂದಿಟ್ಟು ಕೂತ ಗಂಡಸು ಕೆಲವೇ ನಿಮಿಷಗಳಲ್ಲಿ ಹೆಸರು ಬರೆದು ಕೊಡುತ್ತಿದ್ದ. ಹೆಂಗಸರ ಕಸುಬು ಗಂಡಸರ ಕೈಗೆ ಹೋದದ್ದು ಹೀಗೆ.

ವೇಗ ಹೆಚ್ಚಿತು, ಆರೈಕೆ ಮಾತ್ರ ಕುಂದಿತು. ಕೊರವಂಜಿ ಎದುರಿಗೆ ಕೂತು ತೊಳೆದು ಎಣ್ಣೆ ಸವರಿ ಕಳಿಸುತ್ತಿದ್ದಳು. ಜಾತ್ರೆಯ ಯಂತ್ರದವನು ಒಂದು ಚಿಂದಿಯಿಂದ ಒರೆಸಿ ಮುಂದಿನವರನ್ನು ಕರೆಯುತ್ತಿದ್ದ. ಒಂದೇ ಸೂಜಿ, ಒಂದೇ ಬಟ್ಟಲಿನ ಶಾಯಿ ದಿನವಿಡೀ ನೂರಾರು ಕೈಗಳಿಗೆ ಸಾಗುತ್ತಿತ್ತು. ಜೋಸೆಫ್ ಲಿಸ್ಟರ್ 1867ರಲ್ಲೇ ಶಸ್ತ್ರಚಿಕಿತ್ಸೆಗೆ ಸೋಂಕುನಿವಾರಣೆಯ ಕ್ರಮ ಹೇಳಿಕೊಟ್ಟಿದ್ದ. ಆಸ್ಪತ್ರೆಗೆ ಬಂದ ಆ ಕ್ರಮ ಜಾತ್ರೆಯ ಬಯಲಿಗೆ ಬರಲಿಲ್ಲ. 1983ರಲ್ಲಿ ಎಚ್‌ಐವಿ, 1989ರಲ್ಲಿ ಹೆಪಟೈಟಿಸ್ ಸಿ ವೈರಸ್ ಪತ್ತೆಯಾದ ಬಳಿಕ, ಹಂಚಿಕೊಂಡ ಸೂಜಿ ಎಂದರೆ ಬಾವು ಕೀವುಗಳಾಚೆಗಿನ ಭಯವಾಯಿತು.

ಸ್ಟುಡಿಯೋ ಕೊಡುವ ಚೀಟಿ

ಬೆಂಗಳೂರು, ಕೊಚ್ಚಿ, ತಿರುವನಂತಪುರದಂಥ ನಗರಗಳಲ್ಲಿ ಇಂದು ಹಚ್ಚೆ ಹಾಕುವುದು ಸ್ಟುಡಿಯೋಗಳಲ್ಲಿ. ಒಮ್ಮೆ ಬಳಸಿ ಎಸೆಯುವ ಸೂಜಿ, ಕೈಗವಸು, ಪ್ರತಿಯೊಬ್ಬರಿಗೂ ಬೇರೆ ಶಾಯಿಬಟ್ಟಲು ಅಲ್ಲಿನ ಕನಿಷ್ಠ ನಿಯಮ. ಕೆಲಸ ಮುಗಿದ ಮೇಲೆ ಕೈಗೆ ಬರುವ ಆರೈಕೆಯ ಚೀಟಿ, ಹಿಂದೆ ಮನೆಯ ಅಜ್ಜಿ ಹೇಳುತ್ತಿದ್ದುದರ ಹೊಸ ಆವೃತ್ತಿ.

ಚೀಟಿಯ ಕ್ರಮ ಸುಮಾರಾಗಿ ಹೀಗಿರುತ್ತದೆ. ಹಸಿ ಹಚ್ಚೆಯ ಮೇಲೆ ಸುತ್ತಿದ ತೆಳು ಹಾಳೆಯನ್ನು ಕೆಲವು ಗಂಟೆಗಳ ಬಳಿಕ ತೆಗೆಯಬೇಕು. ಗಾಳಿಯಾಡುವ ಅಂಟುಹಾಳೆಯಾದರೆ ಅದನ್ನು ಕೆಲವು ದಿನ ಬಿಡಬಹುದು. ಕೈ ತೊಳೆದುಕೊಂಡು, ಉಗುರುಬೆಚ್ಚನೆಯ ನೀರು ಮತ್ತು ವಾಸನೆಯಿಲ್ಲದ ಸೌಮ್ಯ ಸಾಬೂನಿನಿಂದ ಹಚ್ಚೆಯನ್ನು ತೊಳೆಯಬೇಕು. ಉಜ್ಜದೆ, ಚೊಕ್ಕ ಬಟ್ಟೆಯಿಂದ ಒತ್ತಿ ನೀರಾರಿಸಬೇಕು. ಮುಲಾಮು ತೆಳ್ಳಗಿರಬೇಕು, ದಪ್ಪಗೆ ಮೆತ್ತಿದರೆ ಬೆವರು ಕೂತು ಗಾಯ ಮೆದುವಾಗುತ್ತದೆ. ಸಡಿಲ ಹತ್ತಿಯ ಬಟ್ಟೆ ಒಳ್ಳೆಯದು. ಮೂರು ನಾಲ್ಕನೆಯ ದಿನದಿಂದ ನವೆ ಶುರುವಾಗಿ ಸಿಪ್ಪೆ ಏಳುತ್ತದೆ. ಕೆರೆದರೆ ಹಕ್ಕಳೆಯೊಂದಿಗೆ ಬಣ್ಣವೂ ಕಿತ್ತುಬಂದು ಚಿತ್ರದಲ್ಲಿ ಬಿಳಿ ತೇಪೆ ಉಳಿಯುತ್ತದೆ. ಬಿಸಿಲು ತಾಗಿಸಬಾರದು. ಗಾಯ ಮಾಯುವ ತನಕ ಕೆರೆ, ಹೊಳೆ, ಈಜುಕೊಳ, ಕಡಲಿಗೆ ಇಳಿಯಬಾರದು.

ಕೊನೆಯ ನಿಯಮ ಕೇರಳದಂಥ ಕರಾವಳಿಗೆ ಹೆಚ್ಚು ಸಲ್ಲುತ್ತದೆ. ಬೆಚ್ಚನೆಯ ಉಪ್ಪುನೀರಿನಲ್ಲಿ ಬೆಳೆಯುವ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ ತೆರೆದ ಗಾಯದ ಮೂಲಕ ರಕ್ತ ಸೇರಬಲ್ಲದು. ಹಚ್ಚೆ ಹಾಕಿಸಿಕೊಂಡ ಐದು ದಿನಕ್ಕೆ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿ, ಈ ಸೋಂಕಿನಿಂದ ತೀರಿಕೊಂಡ ಯಕೃತ್ತಿನ ರೋಗಿಯೊಬ್ಬನ ವಿವರ 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಂಪು ದಿನದಿನಕ್ಕೆ ಹರಡುತ್ತಿದ್ದರೆ, ಕೀವು ಬಂದರೆ, ಜ್ವರ ಕಾಣಿಸಿಕೊಂಡರೆ ಮನೆಮದ್ದು ಬಿಟ್ಟು ವೈದ್ಯರ ಬಳಿ ಹೋಗುವುದೇ ಸರಿ. ಸಕ್ಕರೆ ಕಾಯಿಲೆಯವರ ಗಾಯ ತಡವಾಗಿ ಮಾಯುವುದರಿಂದ ಅವರಿಗೆ ಎಚ್ಚರ ಹೆಚ್ಚು ಬೇಕು.

ಶಾಯಿಯ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. 2011–12ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ 19 ಜನರ ಹಚ್ಚೆ ಒಂದು ಮೈಕೋಬ್ಯಾಕ್ಟೀರಿಯಾದಿಂದ ಸೋಂಕಿತು. ಮೊದಲೇ ತೆಳುಮಾಡಿ ಮಾರುತ್ತಿದ್ದ ಬೂದು ಶಾಯಿಯಲ್ಲೇ ಅದು ಸೇರಿತ್ತು. ಸೂಜಿ ಹೊಸದಿದ್ದರೂ, ತೊಳೆದದ್ದು ಸರಿಯಿದ್ದರೂ, ಕಲಸಿದ ದ್ರವ ಕೆಟ್ಟರೆ ಗಾಯ ಕೆಡುತ್ತದೆ. ಕೊರವಂಜಿಯ ಬಟ್ಟಲಿನಲ್ಲಿದ್ದ ಅಪಾಯವೇ ಕಾರ್ಖಾನೆಯ ಬಾಟಲಿಯಲ್ಲಿ ಮರಳಿ ಬಂದಿತ್ತು. ಯುರೋಪಿಯನ್ ಒಕ್ಕೂಟ 2022ರ ಜನವರಿಯಿಂದ ಹಚ್ಚೆ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಕರ್ನಾಟಕ ಸರ್ಕಾರ 2025ರಲ್ಲಿ ಶಾಯಿಯ ಮಾದರಿಗಳಲ್ಲಿ ಭಾರಲೋಹಗಳಿರುವುದನ್ನು ಪ್ರಸ್ತಾಪಿಸಿ, ನಿಯಂತ್ರಣಕ್ಕೆ ಕೇಂದ್ರವನ್ನು ಕೋರುವುದಾಗಿ ತಿಳಿಸಿತು.

ಮಾಯ್ದ ಮೇಲೂ ಹಚ್ಚೆ ಅಳಿಯದಿರುವುದೇಕೆ ಎಂಬುದಕ್ಕೆ ಉತ್ತರ ಇತ್ತೀಚಿನದು. ಹೊರಗಿನ ಕಣಗಳನ್ನು ನುಂಗಲು ಬರುವ ಮ್ಯಾಕ್ರೊಫೇಜ್ ಎಂಬ ಕಾವಲು ಜೀವಕೋಶಗಳು ಬಣ್ಣವನ್ನೂ ನುಂಗುತ್ತವೆ, ಆದರೆ ಅರಗಿಸಲಾರವು. ಅವು ಸತ್ತಾಗ ಬಣ್ಣ ಹೊರಬೀಳುತ್ತದೆ, ಪಕ್ಕದಲ್ಲಿ ಬಂದ ಹೊಸ ಕೋಶಗಳು ಅದನ್ನು ಮತ್ತೆ ನುಂಗುತ್ತವೆ. ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು 2018ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಗಾಯ ಕಾಯಲು ಬಂದ ಕೋಶಗಳೇ ತಲೆಮಾರಿನಿಂದ ತಲೆಮಾರಿಗೆ ಹಚ್ಚೆಯನ್ನು ಹೊತ್ತು ನಿಲ್ಲುತ್ತವೆ.

ಮೇಲುಚರ್ಮ ಕೂಡಿಕೊಳ್ಳಲು ಎರಡು ಮೂರು ವಾರ ಸಾಕು, ಒಳಚರ್ಮ ಹದಕ್ಕೆ ಬರಲು ತಿಂಗಳುಗಳೇ ಬೇಕು. ರಕ್ತನಿಧಿಯ ಲೆಕ್ಕ ಇನ್ನೂ ಉದ್ದ. ಭಾರತದ ನಿಯಮದಂತೆ ಹಚ್ಚೆ ಹಾಕಿಸಿಕೊಂಡವರು ಮುಂದಿನ ಹನ್ನೆರಡು ತಿಂಗಳು ರಕ್ತದಾನ ಮಾಡುವಂತಿಲ್ಲ.